ಒಂದೇ ಬೀಜದಲ್ಲಿ ಅವಳಿ ಸಸಿಗಳು

ಮಾವಿನ ಗೊರಟೊಂದನ್ನು ಹಿತ್ತಲಲ್ಲಿ ಹೂಳಿದಾಗ ಅದೊಂದರಿಂದಲೇ ಮೂರು ನಾಲ್ಕು ಸಸಿಗಳು ಮೊಳೆತು ಬರುವುದನ್ನು ನೀವು ನೋಡಿರಬಹುದು. ಇವು ಅವಳಿಗಳೇ ಎಂದು ಮಕ್ಕಳು ಕೇಳಿದರೆ ಏನೆಂದು ಉತ್ತರಿಸುವಿರಿ?

ಮೊದಲು ಮನುಷ್ಯರ ವಿಷಯ ನೋಡೋಣ. ಒಂದೇ ಭ್ರೂಣವು ಆರಂಭದಲ್ಲಿ ಎರಡಾಗಿ ಒಡೆದರೆ ತದ್ರೂಪಿ ಅವಳಿಗಳು ಹುಟ್ಟುತ್ತವೆ. ಅವು ಒಂದನ್ನೊಂದು ಹೋಲುತ್ತವೆ, ಆದರೆ ತಾಯಿಯ ಪಡಿಯಚ್ಚಾಗಿರುವುದಿಲ್ಲ. ಏಕೆಂದರೆ ಅವುಗಳಲ್ಲಿ ತಂದೆಯ ಪಾಲೂ ಇದೆ.

ಸಸ್ಯಗಳಲ್ಲಿಯೂ ಹೀಗೆ ನಡೆಯುತ್ತದೆ. ಪೈನ್ ಮರದ ಬೀಜದಲ್ಲಿ ಒಂದು ಭ್ರೂಣ ನಾಲ್ಕಾಗಿ ಒಡೆಯುತ್ತದೆ. ಆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಉಳಿದು ಬೆಳೆಯುತ್ತದೆ.

ಮಾವು ಮತ್ತು ಕಿತ್ತಳೆಯ ರೀತಿ ಬೇರೆ. ಇಲ್ಲಿ ಭ್ರೂಣ ಒಡೆಯುವುದಲ್ಲ; ಅದರ ಸುತ್ತಲಿರುವ ತಾಯಿಮರದ ಜೀವಕೋಶಗಳೇ ಹೊಸ ಭ್ರೂಣಗಳಾಗುತ್ತವೆ. ಪರಾಗ ನೀಡಿದ ಮರದ ಪಾಲು ಇವುಗಳಲ್ಲಿಲ್ಲ. ಆದ್ದರಿಂದ ಈ ಸಸಿಗಳು ಪರಸ್ಪರ ತದ್ರೂಪಿಗಳು ಮಾತ್ರವಲ್ಲ, ತಾಯಿಮರದ ತದ್ರೂಪಿಗಳೂ ಹೌದು. ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದನ್ನು ಡಚ್ ಸಂಶೋಧಕ ಲೇವೆನ್‌ಹುಕ್ 1719ರಲ್ಲಿಯೇ ಗುರುತಿಸಿದ್ದರು. ಅವು ತಾಯಿಯ ಜೀವಕೋಶಗಳಿಂದ ಹುಟ್ಟುತ್ತವೆಂದು 1878ರಲ್ಲಿ ಸ್ಟ್ರಾಸ್‌ಬರ್ಗರ್ ತೋರಿಸಿಕೊಟ್ಟರು.

ಆದರೆ ಎಲ್ಲ ಮಾವೂ ಹೀಗಲ್ಲ ಎಂಬುದನ್ನು ಮರೆಯಬೇಡಿ. ಪಶ್ಚಿಮ ಕರಾವಳಿಯ ಓಲೂರ್, ಬಪ್ಪಕ್ಕಾಯಿ ತಳಿಗಳ ಗೊರಟಿನಲ್ಲಿ ಹಲವು ಭ್ರೂಣಗಳಿರುತ್ತವೆ. ಆಪೂಸ್, ಮಲ್ಗೋವಾ ಗೊರಟಿನಲ್ಲಿರುವುದು ಒಂದೇ. ಅದು ಎರಡು ಮರಗಳ ಗುಣ ಬೆರೆತದ್ದು. ಅದರ ಹಣ್ಣು ತಾಯಿಮರದಂತೆಯೇ ಇರುವುದೆಂದು ಯಾರೂ ಭರವಸೆ ಕೊಡಲಾರರು. ಆದ್ದರಿಂದಲೇ ಇವುಗಳನ್ನು ಕಸಿ ಕಟ್ಟಿ ಬೆಳೆಸುತ್ತಾರೆ.

ಈ ತಿಳಿವಳಿಕೆ ಕೇವಲ ಕುತೂಹಲಕ್ಕಲ್ಲ. ಆಪೂಸ್ ಗೊರಟಿನಿಂದ ಎಬ್ಬಿಸಿದ ಸಸಿಯನ್ನು 'ಆಪೂಸ್ ಗಿಡ' ಎಂದು ಮಾರಿದರೆ, ಕೊಂಡವನಿಗೆ ನಿಜ ತಿಳಿಯುವುದು ವರ್ಷಗಳು ಕಳೆದು ಮರ ಹಣ್ಣು ಬಿಟ್ಟಾಗ. ಅಷ್ಟರಲ್ಲಿ ಅವನ ಹಣ, ನೆಲ, ದುಡಿಮೆ ಎಲ್ಲವೂ ಅದಕ್ಕೆ ಸಂದಿರುತ್ತದೆ. ಮಾರುವವರು ನೀವಾದರೆ ಗಿಡ ಕಸಿಯದೋ ಗೊರಟಿನದೋ ಎಂಬುದನ್ನು ಮೊದಲೇ ಹೇಳಿಬಿಡಿ. ಕೊಳ್ಳುವವರಾದರೆ ಕೇಳಿ ತಿಳಿದುಕೊಳ್ಳಿ. ಬುಡದ ಬಳಿ ಕಸಿ ಕಟ್ಟಿದ ಗುರುತನ್ನೂ ನೋಡಿ.

ಇನ್ನು ಹಿತ್ತಲಿನ ಆ ಸಸಿಗಳು? ಅವು ಹಲವು ಭ್ರೂಣಗಳ ತಳಿಯವು. ಮೆಲ್ಲನೆ ಬಿಡಿಸಿ ಬೇರೆ ಬೇರೆಯಾಗಿ ನೆಡಿ. ಅವುಗಳಲ್ಲಿ ಒಂದು ಪರಾಗದಿಂದ ಹುಟ್ಟಿದ್ದೂ ಇರಬಹುದು. ಉಳಿದವು ತಾಯಿಮರದ ಹಣ್ಣನ್ನೇ ನಿಮ್ಮ ಮೊಮ್ಮಕ್ಕಳಿಗೂ ಉಣಿಸುತ್ತವೆ.