ಹಿಮ ಕಡಿಮೆ ಇದ್ದಾಗಲೇ ಅಪಾಯ ಜಾಸ್ತಿ ಯಾಕೆ?

ಲಿಫ್ಟ್ ಇಲ್ಲದ, ಕಾವಲು ಇಲ್ಲದ ಬೆಟ್ಟವನ್ನು ಸ್ವಂತ ಕಾಲಲ್ಲಿ ಹತ್ತಿ, ಸ್ಕೀ ಮಾಡ್ತಾ ಇಳಿಯೋದಕ್ಕೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಅಂತಾರೆ. ಅಮೆರಿಕದ ಕೊಲೊರಾಡೊದಲ್ಲಿ ಇದರ ಹುಚ್ಚಿರೋರು ನವೆಂಬರ್‌ನಲ್ಲೇ ಹೊರಟುಬಿಡ್ತಾರೆ. ಆಗ ಇರೋದೇ ಅರ್ಧ ಮೀಟರ್ ಹಿಮ, ಅದೇನು ಕುಸಿಯುತ್ತೆ ಅಂತ ನಮಗೆ ಅನ್ನಿಸಬಹುದು. ಲೆಕ್ಕ ಹಾಕಿದರೆ ಉಲ್ಟಾ ಬರುತ್ತೆ.

ಹಿಮದ ಅಡಿಯ ನೆಲ ಹೆಚ್ಚುಕಮ್ಮಿ 0 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತೆ. ರಾತ್ರಿ ಹಿಮದ ಮೇಲ್ಮೈ ಮೈನಸ್ 15ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಹಿಮ 2 ಮೀಟರ್ ದಪ್ಪ ಇದ್ದರೆ ಪ್ರತಿ 10 ಸೆಂಟಿಮೀಟರ್‌ಗೆ ಸರಾಸರಿ 0.75 ಡಿಗ್ರಿ ವ್ಯತ್ಯಾಸ. ಅರ್ಧ ಮೀಟರ್ ಇದ್ದರೆ 3 ಡಿಗ್ರಿ! ನಾವು ಹೀಟ್ ಟ್ರಾನ್ಸ್‌ಫರ್‌ನಲ್ಲಿ ಮಾರ್ಕ್ಸ್‌ಗೋಸ್ಕರ ಬರೆಯೋ ಟೆಂಪರೇಚರ್ ಗ್ರೇಡಿಯೆಂಟ್ ಇದೇ. ಇದು 10 ಸೆಂಟಿಮೀಟರ್‌ಗೆ ಸುಮಾರು 1 ಡಿಗ್ರಿ ದಾಟಿದರೆ ಕೆಳಗಿನ ಬೆಚ್ಚನೆ ಹರಳುಗಳಿಂದ ನೀರಾವಿ ಎದ್ದು ಮೇಲಿನ ತಣ್ಣನೆ ಹರಳುಗಳ ಮೇಲೆ ಕೂರುತ್ತೆ. ಹರಳುಗಳು ದೊಡ್ಡದಾಗಿ, ಮೂಲೆಮೂಲೆಯಾಗಿ ಬೆಳೆಯುತ್ತವೆ, ಆದರೆ ಒಂದಕ್ಕೊಂದು ಅಂಟಲ್ಲ. ನೆಲದ ಹತ್ತಿರ ಹೀಗೆ ಬೆಳೆದ ಪದರಕ್ಕೆ ಡೆಪ್ತ್ ಹೋರ್ ಅಂತ ಹೆಸರು. ಸ್ಕೀ ಮಾಡೋರ ಬಾಯಲ್ಲಿ ‘ಸಕ್ಕರೆ ಹಿಮ’. ಮುಷ್ಟಿಯಲ್ಲಿ ಹಿಡಿದರೆ ಪಾಕ ಕೆಟ್ಟ ರವೆ ಉಂಡೆ ಥರ ಉದುರಿಹೋಗುತ್ತೆ.

ಆಮೇಲೆ ಬಿರುಗಾಳಿಯ ಜೊತೆ ಹೊಸ ಹಿಮ ಬೀಳುತ್ತೆ. ಗಾಳಿ ಅದನ್ನು ಒತ್ತಿ ಗಟ್ಟಿ ಹಲಗೆ ಮಾಡುತ್ತೆ. ಇದೇ ಸ್ಲ್ಯಾಬ್. ಕೆಳಗೆ ಸಕ್ಕರೆ, ಮೇಲೆ ಹಲಗೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬ ಸ್ಕೀಯರ್‌ನ ಭಾರಕ್ಕೇ ಬಿರುಕು ಹಬ್ಬಿ ಇಡೀ ಹಲಗೆ ಕಳಚಿಕೊಳ್ಳಬಹುದು.

ನನಗೆ ತೀರಾ ಕ್ರೂರ ಅನ್ನಿಸಿದ್ದು ಮುಂದಿನ ವಿಷಯ. ಅಕ್ಟೋಬರ್‌ನಲ್ಲಿ ಬಿದ್ದ ಹಿಮ ಬಿಸಿಲು ಬೀಳೋ ದಕ್ಷಿಣದ ಇಳಿಜಾರುಗಳಲ್ಲಿ ಬಹುಪಾಲು ಕರಗುತ್ತೆ. ಉಳಿಯೋದು ಎತ್ತರದ, ಉತ್ತರಕ್ಕೆ ಮುಖ ಮಾಡಿದ ನೆರಳಿನ ಜಾಗಗಳಲ್ಲಿ. ಅಂದರೆ ನವೆಂಬರ್‌ನಲ್ಲಿ ಸ್ಕೀ ಮಾಡೋಕೆ ಹಿಮ ಸಿಗೋ ಜಾಗವೂ ಸಕ್ಕರೆ ಪದರ ಅಡಗಿರೋ ಜಾಗವೂ ಒಂದೇ! ಹಿಮ ತೆಳುವಾಗಿರೋದರಿಂದ ಬಂಡೆಗಳೂ ಪೂರ್ತಿ ಮುಚ್ಚಿರಲ್ಲ. ಸಣ್ಣ ಕುಸಿತವೂ ಮನುಷ್ಯನನ್ನು ಅವುಗಳ ಮೇಲೆ ಎಳೆದುಕೊಂಡು ಹೋಗುತ್ತೆ.

ಪರೀಕ್ಷೆ ಹೇಗೆ ಅಂದರೆ, ಮೊದಲು ಕೊಲೊರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್ ಕೊಡೋ ಮುನ್ಸೂಚನೆ ಓದಬೇಕು. ಅದರಲ್ಲಿ ಅಪಾಯಕ್ಕೆ 1ರಿಂದ 5ರವರೆಗೆ ಮಟ್ಟ ಇರುತ್ತೆ. ನಡೆಯುವಾಗ ಕಾಲಡಿ ‘ಧುಂ’ ಅಂತ ಹಿಮ ಕುಗ್ಗಿದ ಸದ್ದು ಬಂದರೆ, ಬಿರುಕು ಓಡಿದರೆ, ವಾಪಸ್ ತಿರುಗಬೇಕು. ಅಲ್ಲಿಗೆ ಬೇರೆ ಪರೀಕ್ಷೆ ಬೇಕಿಲ್ಲ.

ಏನೂ ಕಾಣದಿದ್ದರೆ ಗುಂಡಿ ತೋಡಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಂಬ ಕತ್ತರಿಸುತ್ತಾರೆ. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಬಿರುಕು ಈ ತುದಿಯಿಂದ ಆ ತುದಿಗೆ ಓಡಿದರೆ ಇಳಿಜಾರಿನಲ್ಲೂ ಓಡಬಹುದು. ಓಡದಿದ್ದರೆ? ಇಪ್ಪತ್ತು ಮೀಟರ್ ಆಚೆ ಪದರ ಬೇರೆ ಥರ ಇರಬಹುದು. ನಮ್ಮ ಲ್ಯಾಬ್‌ನಲ್ಲಿ ಒಂದೇ ಸ್ಯಾಂಪಲ್‌ನ ರೀಡಿಂಗ್ ಯಾರೂ ಒಪ್ಪಲ್ಲ, ಇಲ್ಲೂ ಹಾಗೇ. ಅದಕ್ಕೇ ಅನುಭವಿಗಳು ಗುಂಡಿಗಿಂತ ಇಳಿಜಾರಿನ ಕೋನವನ್ನೇ ಹೆಚ್ಚು ನಂಬುತ್ತಾರೆ. ಅನುಮಾನ ಇದ್ದ ದಿನ 30 ಡಿಗ್ರಿಗಿಂತ ಕಡಿಮೆ ಇಳಿಜಾರಲ್ಲೇ ಇರ್ತಾರೆ, ತಲೆ ಮೇಲಿರೋ ಇಳಿಜಾರನ್ನೂ ಅಳೀತಾರೆ. ಯಾಕಂದರೆ ಸಕ್ಕರೆ ಪದರದ ಬಿರುಕು ಕೆಳಗಿನ ಸಪಾಟಿನಲ್ಲಿ ಶುರುವಾಗಿ ಮೇಲಿನ ಹಲಗೆಯನ್ನೂ ಇಳಿಸಬಹುದು.