ಸಂಶೋಧಕಿಯೊಡನೆ ಒಂದು ಸಂಜೆ

ವಿಜ್ಞಾನವನ್ನು ನಾವು ಸಾಮಾನ್ಯವಾಗಿ ಪುಸ್ತಕಗಳ ಮೂಲಕ ಅರಿಯುತ್ತೇವೆ. ಪುಸ್ತಕದಲ್ಲಿ ನಮಗೆ ದೊರೆಯುವುದು ಮಾಗಿದ ಹಣ್ಣು. ಆ ಹಣ್ಣಿನೊಡನೆ ಅರಳಿದ ಹೂಗಳೆಷ್ಟು, ಅವುಗಳಲ್ಲಿ ಉದುರಿಹೋದುವೆಷ್ಟು ಎಂಬ ಲೆಕ್ಕ ಅಲ್ಲಿರುವುದಿಲ್ಲ. ಆ ಲೆಕ್ಕವನ್ನು ಬಲ್ಲವರು ಪ್ರಯೋಗಶಾಲೆಯಲ್ಲಿ ದುಡಿಯುವವರು ಮಾತ್ರ.

ತುಮಕೂರಿನಲ್ಲಿ ದ್ವಿತೀಯ ಪಿ.ಯು. ತರಗತಿಯಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಪ್ರಯೋಗಶಾಲೆಯೊಂದಕ್ಕೆ ಬಂದಿದ್ದಳು. ಅವಳು ಎಂಜಿನಿಯರಿಂಗ್ ಸೇರಬೇಕೆಂಬುದು ಮನೆಯವರ ಆಸೆ. ಅವಳ ಮನಸ್ಸಾದರೋ ಭೌತವಿಜ್ಞಾನದ ಕಡೆಗೆ ವಾಲಿತ್ತು. ಪಿಎಚ್.ಡಿ. ಪದವಿಗಾಗಿ ಐದನೆಯ ವರ್ಷ ದುಡಿಯುತ್ತಿರುವ ಸಂಶೋಧಕಿಯೊಬ್ಬರನ್ನು ಕಂಡು, ತನ್ನ ಸಂದೇಹಗಳನ್ನು ಅವರ ಮುಂದಿಟ್ಟಳು. ಅವರಿಬ್ಬರ ನಡುವೆ ನಡೆದ ಮಾತುಕತೆ ಹೀಗಿತ್ತು:

ವಿದ್ಯಾರ್ಥಿನಿ: ತಾವು ಇಲ್ಲಿ ಮಾಡುವ ಕೆಲಸವೇನು? ನನಗೆ ತಿಳಿಯುವಂತೆ ಹೇಳುವಿರಾ?

ಸಂಶೋಧಕಿ: ಒಂದು ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕನ್ನು ಬೀರಿದರೆ, ಚದರಿ ಬರುವ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ಅತ್ಯಲ್ಪ ಭಾಗ ಮಾತ್ರ ಬಣ್ಣವನ್ನು ಕೊಂಚ ಬದಲಿಸಿಕೊಂಡು ಬರುತ್ತದೆ. ವಸ್ತುವಿನೊಳಗಿನ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆಯಷ್ಟೆ. ಬೆಳಕು ಆ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕೊಡುತ್ತದೆ, ಇಲ್ಲವೆ ಅದರಿಂದ ಸ್ವಲ್ಪವನ್ನು ಪಡೆಯುತ್ತದೆ; ಬಣ್ಣ ಬದಲಾಗುವುದು ಹೀಗೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಪಾದರಸದ ದೀಪದ ಬೆಳಕಿನಲ್ಲಿ ಕಂಡ ರಾಮನ್ ಪರಿಣಾಮ ಇದೇ. ನಾವು ಇಂದು ದೀಪದ ಬದಲು ಹಸುರು ಲೇಸರನ್ನು ಬಳಸುತ್ತೇವೆ. ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ದೊರೆಯುವ ರೋಹಿತದಲ್ಲಿ ಒಂದೊಂದು ವಸ್ತುವಿಗೂ ಅದರದೇ ಆದ ಗೆರೆಗಳಿರುತ್ತವೆ. ಮನುಷ್ಯನಿಗೆ ಬೆರಳಚ್ಚು ಇದ್ದಂತೆ.

ವಿದ್ಯಾರ್ಥಿನಿ: ಹಾಗಾದರೆ ದಿನವಿಡೀ ರೋಹಿತಗಳನ್ನು ನೋಡುತ್ತಿರುವಿರಾ?

ಸಂಶೋಧಕಿ: (ನಕ್ಕು) ಹಾಗೆಂದೇ ನಾನೂ ಭಾವಿಸಿ ಬಂದೆ. ಕನ್ನಡಿಗಳನ್ನು ಒರಸುವುದು, ಅಲುಗಿದುದನ್ನು ಸರಿಯಾಗಿ ಕೂರಿಸುವುದು, ತೆಳುಪೊರೆಗಳನ್ನು ತಯಾರಿಸುವುದು, ಕೆಟ್ಟ ಪಂಪನ್ನು ರಿಪೇರಿಗೆ ಕಳಿಸುವುದು, ಬೇರೆಯವರ ಲೇಖನಗಳನ್ನು ಓದುವುದು, ಇವುಗಳಲ್ಲಿಯೇ ಹೆಚ್ಚು ದಿನಗಳು ಕಳೆಯುತ್ತವೆ. ನಿಜವಾದ ಅಳತೆಗೆ ದೊರೆಯುವ ದಿನಗಳು ಕೆಲವೇ. ಆ ಕೆಲವು ದಿನಗಳಿಗಾಗಿ ಉಳಿದ ದಿನಗಳನ್ನು ಬೇಸರವಿಲ್ಲದೆ ಕಳೆಯಬಲ್ಲವರಿಗೆ ಈ ಕೆಲಸ ಒಗ್ಗುತ್ತದೆ.

ವಿದ್ಯಾರ್ಥಿನಿ: ತಾವು ಹೊಸತೇನನ್ನಾದರೂ ಕಂಡುಹಿಡಿದಿರಾ?

ಸಂಶೋಧಕಿ: ಕಂಡುಹಿಡಿದೆನೆಂದು ಮೂರು ತಿಂಗಳು ನಂಬಿದ್ದೆ. ಎರಡನೆಯ ವರ್ಷದ ಮಾತು. ಅತಿ ತೆಳುವಾದ ಕೆಲವು ಪೊರೆಗಳ ರೋಹಿತದಲ್ಲಿ 484 ಎಂಬ ಅಂಕದ ಬಳಿ ಚೂಪಾದ ಗೆರೆಯೊಂದು ಕಾಣಿಸಿತು. ದಪ್ಪ ಪೊರೆಗಳಲ್ಲಿ ಅದು ಇರಲಿಲ್ಲ, ಪುಸ್ತಕಗಳಲ್ಲಿಯೂ ಇರಲಿಲ್ಲ. ಪೊರೆ ತೆಳುವಾದಾಗ ಪರಮಾಣುಗಳು ಹೊಸ ರೀತಿಯಲ್ಲಿ ಜೋಡಣೆಗೊಳ್ಳುತ್ತವೆಯೆಂದು ತರ್ಕಿಸಿದೆ. ಮಾರ್ಗದರ್ಶಕರೂ ಸಂತೋಷಪಟ್ಟರು. ಲೇಖನ ಬರೆದು ಮುಗಿಸಿದ್ದೆ, ಕಳಿಸುವುದೊಂದೇ ಉಳಿದಿತ್ತು.

ವಿದ್ಯಾರ್ಥಿನಿ: ಆಮೇಲೆ?

ಸಂಶೋಧಕಿ: ಒಂದು ರಾತ್ರಿ ವಿದ್ಯುತ್ತು ಹೋಯಿತು. ಉಪಕರಣಗಳಿಗೆ ಬ್ಯಾಟರಿಯ ಬೆಂಬಲವಿತ್ತು, ಕೋಣೆಯ ದೀಪಗಳಿಗೆ ಇರಲಿಲ್ಲ. ಕತ್ತಲಲ್ಲಿಯೇ ಅಳತೆ ಮುಂದುವರಿಯಿತು. ಮುಗಿದಾಗ ನೋಡುತ್ತೇನೆ, ಆ ಗೆರೆಯೇ ಇಲ್ಲ! ಪೊರೆ ಕೆಟ್ಟಿತೆಂದುಕೊಂಡೆ. ವಿದ್ಯುತ್ತು ಬಂದ ಮೇಲೆ ಪುನಃ ಅಳೆದೆ. ಗೆರೆ ಮರಳಿ ಬಂದಿತ್ತು. ಆಗ ತಲೆಯೆತ್ತಿ ಮೇಲೆ ನೋಡಿದೆ. ಬೇರೆಲ್ಲ ಕಡೆ ಎಲ್‌ಇಡಿ ದೀಪಗಳು ಬಂದಿದ್ದರೂ, ನಮ್ಮ ಕೋಣೆಯ ಮೂಲೆಯಲ್ಲಿ ಹಳೆಯ ಟ್ಯೂಬ್ ಲೈಟೊಂದು ಉಳಿದುಕೊಂಡಿತ್ತು.

ವಿದ್ಯಾರ್ಥಿನಿ: ಟ್ಯೂಬ್ ಲೈಟಿಗೂ ಆ ಗೆರೆಗೂ ಏನು ಸಂಬಂಧ?

ಸಂಶೋಧಕಿ: ಲೆಕ್ಕ ಸುಲಭ, ನೀನೇ ಮಾಡಿ ನೋಡು. ನಮ್ಮ ಲೇಸರಿನ ತರಂಗಾಂತರ 532 ನ್ಯಾನೊಮೀಟರ್. ಒಂದು ಸೆಂಟಿಮೀಟರಿನಲ್ಲಿ ಅದರ ಎಷ್ಟು ಅಲೆಗಳು ಹಿಡಿಸುತ್ತವೆ? ಒಂದು ಸೆಂಟಿಮೀಟರ್ ಎಂದರೆ ಒಂದು ಕೋಟಿ ನ್ಯಾನೊಮೀಟರ್. ಭಾಗಿಸಿದರೆ ಸುಮಾರು 18,797 ಬರುತ್ತದೆ. ಟ್ಯೂಬ್ ಲೈಟಿನೊಳಗೆ ಪಾದರಸದ ಆವಿ ಇರುತ್ತದೆ. ಅದು ಸೂಸುವ ಹಸುರು ಬೆಳಕಿನ ತರಂಗಾಂತರ 546.07 ನ್ಯಾನೊಮೀಟರ್; ಅದರ ಅಲೆಗಳು ಸೆಂಟಿಮೀಟರಿಗೆ ಸುಮಾರು 18,313. ಎರಡರ ವ್ಯತ್ಯಾಸವೆಷ್ಟು?

ವಿದ್ಯಾರ್ಥಿನಿ: ನಾನೂರ ಎಂಬತ್ತನಾಲ್ಕು!

ಸಂಶೋಧಕಿ: ಅದೇ ನನ್ನ ‘ಹೊಸ’ ಗೆರೆ. ತೆಳುಪೊರೆಯಿಂದ ಬರುವ ಬೆಳಕು ಬಹಳ ಕ್ಷೀಣವಾದುದರಿಂದ, ಅದನ್ನು ಬಹಳ ಹೊತ್ತು ಸಂಗ್ರಹಿಸಬೇಕು. ಆ ಹೊತ್ತಿನಲ್ಲಿ ದೀಪದ ಬೆಳಕೂ ಒಳಗೆ ನುಸುಳಿ ಶೇಖರವಾಗುತ್ತಿತ್ತು. ದಪ್ಪ ಪೊರೆಗಳಿಗೆ ಕೆಲವು ಕ್ಷಣಗಳೇ ಸಾಕಾಗುತ್ತಿದ್ದುದರಿಂದ ಅಲ್ಲಿ ಅದು ಎದ್ದು ಕಾಣುತ್ತಿರಲಿಲ್ಲ. ಸಂದೇಹ ಉಳಿಯಬಾರದೆಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. 514.5 ನ್ಯಾನೊಮೀಟರಿನ ಬೇರೊಂದು ಲೇಸರಿನಿಂದ ಅಳೆದೆ. ಗೆರೆ ವಸ್ತುವಿನದೇ ಆಗಿದ್ದರೆ ಲೇಸರು ಬದಲಾದರೂ 484ರಲ್ಲಿಯೇ ನಿಲ್ಲಬೇಕಾಗಿತ್ತು. ಅದು 1,124ರ ಬಳಿಗೆ ಹೋಯಿತು. ದೀಪದ ಬೆಳಕು ತನ್ನ ಸ್ಥಾನದಲ್ಲಿಯೇ ಇತ್ತು. ಬದಲಾದುದು ನಾವು ಎಣಿಕೆಯನ್ನು ಪ್ರಾರಂಭಿಸುವ ಜಾಗ ಮಾತ್ರ.

ವಿದ್ಯಾರ್ಥಿನಿ: ಆ ಗೆರೆಯ ಗುಟ್ಟು ತಮ್ಮೊಬ್ಬರಿಗೇ ಗೊತ್ತಿತ್ತಲ್ಲವೇ? ಸುಮ್ಮನಿದ್ದಿದ್ದರೆ?

ಸಂಶೋಧಕಿ: ಆ ರಾತ್ರಿ ಹಾಸ್ಟೆಲಿಗೆ ನಡೆದು ಹೋಗುವಾಗ ಅದೂ ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಸುಳ್ಳು ಗೆರೆಯೊಂದು ಅಚ್ಚಾದರೆ, ಅದನ್ನು ನಂಬಿ ಇನ್ನೆಲ್ಲಿಯೋ ಮತ್ತೊಬ್ಬ ವಿದ್ಯಾರ್ಥಿ ತನ್ನ ಒಂದು ವರ್ಷವನ್ನು ಹಾಳುಮಾಡಿಕೊಳ್ಳಬಹುದು. ಬೆಳಿಗ್ಗೆ ಎದ್ದವಳೇ ಮಾರ್ಗದರ್ಶಕರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ದೀಪವನ್ನು ಆರಿಸಿ ನೋಡೆಂದು ನಾನೇ ಹೇಳಬೇಕಾಗಿತ್ತು” ಎಂದರು. ಲೇಖನ ಪೆಟ್ಟಿಗೆ ಸೇರಿತು. ಮೂರು ತಿಂಗಳ ಆ ದುಡಿಮೆಗೆ ಈಗ ನನ್ನ ಪ್ರಬಂಧದಲ್ಲಿ ಉಳಿದಿರುವುದು ಒಂದೇ ವಾಕ್ಯ: ಅಳತೆಗಳನ್ನೆಲ್ಲ ಕತ್ತಲೆಯಲ್ಲಿ ಮಾಡಲಾಯಿತು.

ವಿದ್ಯಾರ್ಥಿನಿ: ಇಷ್ಟು ಕಷ್ಟಪಟ್ಟ ಮೇಲೆ ಪದವಿ ದೊರೆಯದೆ ಹೋದರೆ?

ಸಂಶೋಧಕಿ: ಅಂಥದೊಂದು ಪ್ರಸಂಗ ಈ ಊರಿನಲ್ಲಿಯೇ ನಡೆದಿದೆ. ಅಣ್ಣಾ ಮಣಿ ಎಂಬವರು 1940ರಲ್ಲಿ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದರು. ಒಂದೊಂದು ರೋಹಿತದ ಚಿತ್ರವನ್ನು ಪಡೆಯಲು ಹದಿನೈದು ಇಪ್ಪತ್ತು ಗಂಟೆಗಳು ಬೇಕಾಗುತ್ತಿದ್ದುವು. ಪ್ರಯೋಗಶಾಲೆಯಲ್ಲಿಯೇ ರಾತ್ರಿಗಳನ್ನು ಕಳೆಯುತ್ತಿದ್ದರು. 1942ರಿಂದ 1945ರೊಳಗೆ ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಪಿಎಚ್.ಡಿ. ದೊರೆಯಲಿಲ್ಲ. ಅವರು ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿಷಯವನ್ನು ಕಲಿತರು. 1948ರಲ್ಲಿ ಭಾರತ ಹವಾಮಾನ ಇಲಾಖೆಯನ್ನು ಸೇರಿ, ಪರದೇಶದಿಂದ ತರಿಸಬೇಕಾಗಿದ್ದ ಉಪಕರಣಗಳು ನಮ್ಮಲ್ಲಿಯೇ ತಯಾರಾಗುವಂತೆ ಮಾಡಿದರು. 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಅವರಿಗೆ ಆದುದು ನ್ಯಾಯವೆಂದು ನಾನು ಹೇಳಲಾರೆ. ಆದರೆ ಪದವಿ ದೊರೆಯದಿದ್ದರೂ ಆ ಅಳತೆಗಳು ಸುಳ್ಳಾಗಲಿಲ್ಲ.

ವಿದ್ಯಾರ್ಥಿನಿ: ಜೀವನೋಪಾಯದ ಮಾತು ಕೇಳಬಹುದೇ? ಅಪ್ಪ ಮೊದಲು ಕೇಳುವುದು ಅದನ್ನೇ.

ಸಂಶೋಧಕಿ: ಕೇಳತಕ್ಕದ್ದೇ. ಬಿ.ಎಸ್‌ಸಿ., ಎಂ.ಎಸ್‌ಸಿ. ಮುಗಿಸಿ, ನೆಟ್ ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಸಂಶೋಧನ ವೇತನ ದೊರೆಯುತ್ತದೆ. 2023ರ ಜನವರಿಯಿಂದ ಅನ್ವಯವಾದ ಕೇಂದ್ರ ಸರಕಾರದ ದರದಂತೆ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000. ಹಣ ಕೆಲವು ಸಲ ತಡವಾಗಿ ಬರುವುದೂ ಉಂಟು. ಪದವಿಯ ನಂತರ ಖಾಯಂ ಹುದ್ದೆಗಳು ಕಡಮೆ, ಕಾಯುವವರು ಹೆಚ್ಚು. ನನ್ನೊಡನೆ ಎಂಜಿನಿಯರಿಂಗ್ ಓದಹೋದ ಗೆಳತಿಯರು ಮನೆ ಕಟ್ಟಿದ್ದಾರೆ. ಊರಿಗೆ ಹೋದಾಗ ನಮ್ಮ ತಾಯಿ, “ಇನ್ನೂ ಓದು ಮುಗಿಯಲಿಲ್ಲವೇ?” ಎಂದು ಕೇಳುತ್ತಾರೆ. ಇವನ್ನೆಲ್ಲ ಮುಚ್ಚಿಟ್ಟು ನಿನ್ನನ್ನು ಕರೆಯುವುದು ಸರಿಯಲ್ಲ.

ವಿದ್ಯಾರ್ಥಿನಿ: ಹಾಗಾದರೆ ನಾನು ಯಾವುದನ್ನು ಆರಿಸಿಕೊಳ್ಳಲಿ?

ಸಂಶೋಧಕಿ: ಅದನ್ನು ನಾನು ಹೇಳಕೂಡದು. ಒಂದು ಮಾತು ಹೇಳುತ್ತೇನೆ. ನಿನ್ನ ಲೆಕ್ಕದ ಉತ್ತರ ತಪ್ಪೆಂದು ತಿಳಿದಾಗ ನಿನಗೆ ಬರುವುದು ಬರಿಯ ದುಃಖವೇ, ಇಲ್ಲವೆ ತಪ್ಪಿದುದೆಲ್ಲಿ ಎಂಬ ಕುತೂಹಲವೂ ಬರುವುದೇ? ಆ ಕುತೂಹಲ ದುಃಖವನ್ನು ಮೀರುವುದಾದರೆ, ಈ ದಾರಿ ನಿನಗೆ ಪರಕೀಯವೆನಿಸಲಾರದು.

ಅಷ್ಟರಲ್ಲಿ ಸಂಜೆಯಾಗಿತ್ತು. ಹೊರಡುವ ಮುನ್ನ ಆ ಗೆರೆಯನ್ನು ತೋರಿಸಬಹುದೇ ಎಂದು ವಿದ್ಯಾರ್ಥಿನಿ ಕೇಳಿದಳು. ಮೂಲೆಯ ಟ್ಯೂಬ್ ಲೈಟನ್ನು ಹೊತ್ತಿಸಿ, ಕಪ್ಪು ಬಟ್ಟೆಯನ್ನು ಸರಿಸಿ, ಸಂಶೋಧಕಿ ಅಳತೆಯನ್ನು ಪ್ರಾರಂಭಿಸಿದರು. ಪರದೆಯ ಮೇಲೆ 484ರ ಬಳಿ ಗೆರೆ ಎದ್ದಿತು. ದೀಪ ಆರಿಸಿ ಮತ್ತೆ ಅಳೆದಾಗ ಅದು ಇರಲಿಲ್ಲ. “ಇನ್ನೊಮ್ಮೆ ನಾನೇ ಆರಿಸಲೇ?” ಎಂದಳು ಹುಡುಗಿ. ತುಮಕೂರಿನ ಬಸ್ಸಿಗೆ ಹೊತ್ತಾಗುತ್ತಿದ್ದರೂ ಇಬ್ಬರೂ ಮತ್ತೊಮ್ಮೆ ಅಳೆದು ನೋಡಿದರು.

ಪಾದರಸದ ಈ ಹಸುರು ಗೆರೆಯನ್ನು ವಾಚಕರು ಮನೆಯಲ್ಲಿಯೂ ನೋಡಬಹುದು. ಹಳೆಯ ಸಿ.ಡಿ.ಯೊಂದರ ಹೊಳೆಯುವ ಮುಖದಲ್ಲಿ, ಕತ್ತಲೆ ಕೋಣೆಯ ದೂರದ ಟ್ಯೂಬ್ ಲೈಟಿನ ಪ್ರತಿಬಿಂಬವನ್ನು ಓರೆಯಾಗಿ ಹಿಡಿದು ನೋಡಿದರೆ, ಹಸುರು ಮತ್ತು ನೇರಿಳೆ ಪಟ್ಟಿಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ಎಲ್‌ಇಡಿ ದೀಪದಲ್ಲಿ ಹಾಗಲ್ಲ. ಬಣ್ಣಗಳು ಒಂದರೊಳಗೊಂದು ಬೆರೆತು ಸಾಗುತ್ತವೆ. ಸೂರ್ಯನನ್ನಾಗಲಿ ಲೇಸರನ್ನಾಗಲಿ ಈ ರೀತಿ ನೋಡಬಾರದು, ಕಣ್ಣಿಗೆ ಅಪಾಯ.