ಮಹಾಧಮನಿಯ ಉಬ್ಬೂ ಪುರುಷ ಹಾರ್ಮೋನೂ

ನಮ್ಮ ವಾಚನಾಲಯಕ್ಕೆ ನಿತ್ಯವೂ ಬರುವ ಹಿರಿಯರೊಬ್ಬರು ಹೋದ ತಿಂಗಳು ಎರಡು ಕಾಗದಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದು, ಮೂತ್ರಪಿಂಡದ ಕಲ್ಲಿಗೆಂದು ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗಿನ ವರದಿ. ಅದರ ಕೊನೆಯ ಸಾಲಿನಲ್ಲಿ ಮಹಾಧಮನಿಯ ಅಗಲ 3.4 ಸೆಂಟಿಮೀಟರ್ ಎಂದಿತ್ತು. ಇನ್ನೊಂದು, ಪತ್ರಿಕೆಯಿಂದ ಕತ್ತರಿಸಿಕೊಂಡ ತುಣುಕು. ಪುರುಷ ಹಾರ್ಮೋನು ಕಡಮೆಯಾದ ಮುದುಕರಲ್ಲಿ ಈ ಧಮನಿಯ ಉಬ್ಬು ಹೆಚ್ಚಾಗಿ ಕಾಣುತ್ತದೆಂದು ಅದರಲ್ಲಿ ಬರೆದಿತ್ತು. “ಹಾಗಾದರೆ ಹಾರ್ಮೋನಿನ ಇಂಜೆಕ್ಷನ್ ಹಾಕಿಸಿಕೊಂಡರೆ ಇದು ಇಳಿದುಹೋಗಬೇಕಲ್ಲವೇ ಸ್ವಾಮಿ?” ಎಂದು ಕೇಳಿದರು. ಇಂಜೆಕ್ಷನ್ನಿಗೆಂದು ದುಡ್ಡನ್ನೂ ತೆಗೆದಿಟ್ಟಾಗಿತ್ತು. ಅವರಿಗೆ ಅಂದು ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆ ಬೇರೆಯವರ ಮನಸ್ಸಿನಲ್ಲೂ ಇರಬಹುದು.

ಹೃದಯದಿಂದ ಹೊರಟ ರಕ್ತವನ್ನೆಲ್ಲ ಹೊತ್ತು ಎದೆಯ ಮೂಲಕ ಹೊಟ್ಟೆಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳತ್ತ ಹೋಗುವ ದೊಡ್ಡ ಕೊಳವೆಯೇ ಮಹಾಧಮನಿ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸಾಧಾರಣವಾಗಿ 2 ಸೆಂಟಿಮೀಟರ್. ಗೋಡೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳಿವೆ. ವಯಸ್ಸು, ಹೊಗೆಬತ್ತಿ, ರಕ್ತದ ಒತ್ತಡ ಇವುಗಳಿಂದ ಆ ಎಳೆಗಳು ಸವೆದಾಗ, ಹಳೆಯ ಸೈಕಲ್ ಟ್ಯೂಬಿನ ಮೆತ್ತಗಾದ ಜಾಗ ಉಬ್ಬುವಂತೆ ಧಮನಿಯೂ ಉಬ್ಬುತ್ತದೆ. ಉಬ್ಬಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚು. ಎಳೆತ ಹೆಚ್ಚಿದಷ್ಟೂ ಉಬ್ಬು ಹೆಚ್ಚು. 3 ಸೆಂಟಿಮೀಟರ್ ದಾಟಿದರೆ ವೈದ್ಯರು ಅದಕ್ಕೆ ಅನ್ಯೂರಿಸಮ್ ಎನ್ನುತ್ತಾರೆ. ನೋವಿಲ್ಲ, ಜ್ವರವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಬಹುಮಂದಿಗೆ ಅದು ಇರುವುದೇ ತಿಳಿಯುವುದಿಲ್ಲ. ಒಡೆದರೆ ಮಾತ್ರ ಬದುಕುವವರು ತೀರ ಕಡಮೆ.

ವಿಜ್ಞಾನಿ ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. 1948ರ ಡಿಸೆಂಬರಿನಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಅವರ ಹೊಟ್ಟೆ ತೆರೆದು, ಉಬ್ಬಿದ ಧಮನಿಗೆ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಅದರ ಸುತ್ತ ಗಟ್ಟಿ ಅಂಗಾಂಶ ಬೆಳೆದು ಕಟ್ಟು ಹಾಕಿದಂತಾಗಲಿ ಎಂಬುದು ಉಪಾಯ. ಅದರ ಮೇಲೆ ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1955ರ ಏಪ್ರಿಲಿನಲ್ಲಿ ಉಬ್ಬು ಸೋರಲು ತೊಡಗಿದಾಗ ಮತ್ತೆ ಶಸ್ತ್ರಕ್ರಿಯೆ ಬೇಡವೆಂದುಬಿಟ್ಟರು. 18ನೆಯ ತಾರೀಕು ಪ್ರಿನ್ಸ್‌ಟನ್ನಿನಲ್ಲಿ ಕೊನೆಯುಸಿರೆಳೆದರು. ಅವರ ಪೈಪು ಜಗತ್ಪ್ರಸಿದ್ಧವಾದದ್ದೆಂಬುದನ್ನು ಇಲ್ಲಿ ನೆನೆಯದಿರಲಾರೆವು.

ಈ ರೋಗ ಹೆಂಗಸರಿಗಿಂತ ಗಂಡಸರಲ್ಲಿ ನಾಲ್ಕಾರು ಪಟ್ಟು ಹೆಚ್ಚು. ಹಾರ್ಮೋನಿನ ಮೇಲೆ ಸಂಶಯ ಬಂದದ್ದು ಈ ಕಾರಣದಿಂದ. ಹಾರ್ಮೋನುಗಳೆಂದರೆ ನಾಳವಿಲ್ಲದ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಸೂಸುವ ರಸಗಳು. ಗಂಡಸಿನ ವೃಷಣಗಳಲ್ಲಿ ಹುಟ್ಟುವ ಮುಖ್ಯವಾದ ರಸಕ್ಕೆ ಟೆಸ್ಟೋಸ್ಟಿರೋನ್ ಎಂದು ಹೆಸರು. 1935ರಲ್ಲಿ ಹೋರಿಯ ವೃಷಣದಿಂದ ಇದನ್ನು ಬೇರ್ಪಡಿಸಿದರು. ಇದನ್ನು ಎಷ್ಟು ತಯಾರಿಸಬೇಕೆಂದು ಅಪ್ಪಣೆ ಕೊಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಕಳುಹಿಸುವ ಅಪ್ಪಣೆಯ ರಸಕ್ಕೆ ಚುಟುಕಾಗಿ ಎಲ್.ಎಚ್. ಎನ್ನುತ್ತಾರೆ. ನಮ್ಮಲ್ಲಿ ಆಫೀಸಿನಲ್ಲಿ ದುಡಿಯುವವರಿಗೆ ಇದು ಬೇಗ ತಿಳಿಯುವ ಏರ್ಪಾಡು. ಕೆಳಗಿನ ಗುಮಾಸ್ತ ಕೆಲಸ ನಿಧಾನಿಸಿದರೆ ಮೇಲಿನ ಸಾಹೇಬರಿಂದ ಮೆಮೋದ ಮೇಲೆ ಮೆಮೋ ಬರುತ್ತದೆ. ರಕ್ತದಲ್ಲಿ ಟೆಸ್ಟೋಸ್ಟಿರೋನ್ ಕಡಮೆ, ಎಲ್.ಎಚ್. ಹೆಚ್ಚು ಎಂದಿದ್ದರೆ, ಅಪ್ಪಣೆ ಬರುತ್ತಿದೆ, ವೃಷಣಗಳೇ ಸೋತಿವೆ ಎಂದರ್ಥ.

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 70ರಿಂದ 88 ವರ್ಷ ವಯಸ್ಸಿನ 3620 ಗಂಡಸರನ್ನು ಪರೀಕ್ಷಿಸಿದರು. ವರದಿ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ 262 ಜನರಿಗೆ ಹೊಟ್ಟೆಯ ಧಮನಿ ಉಬ್ಬಿತ್ತು. (ಇದು ಆ ಊರಿನ ಮುದುಕರ ಲೆಕ್ಕ, ನಮ್ಮವರ ಲೆಕ್ಕವೆಂದು ತಿಳಿಯಬಾರದು.) ವಯಸ್ಸು, ಹೊಗೆಬತ್ತಿ ಮುಂತಾದವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಬಳಕೆಗೆ ಸಿಕ್ಕುವ ಟೆಸ್ಟೋಸ್ಟಿರೋನ್ ಕಡಮೆಯಿದ್ದು ಎಲ್.ಎಚ್. ಹೆಚ್ಚಿದ್ದವರಲ್ಲಿ ಉಬ್ಬು ಹೆಚ್ಚಾಗಿ ಕಂಡಿತು. ಹಿರಿಯರ ತುಣುಕಿನಲ್ಲಿದ್ದ ಮಾತು ಸುಳ್ಳಲ್ಲ.

ಆದರೆ ಆ ಪರೀಕ್ಷೆಯಲ್ಲಿ ರಕ್ತವನ್ನೂ ಧಮನಿಯನ್ನೂ ನೋಡಿದ್ದು ಹೆಚ್ಚುಕಡಮೆ ಒಂದೇ ಕಾಲದಲ್ಲಿ. ಯಾವುದು ಮೊದಲಾಯಿತು, ಯಾವುದು ಆಮೇಲೆ ಎಂಬುದು ಅದರಿಂದ ಗೊತ್ತಾಗದು. ಜೂನ್ ತಿಂಗಳಲ್ಲಿ ಶ್ರೀಕಾರ್ಯದ ಜಂಕ್ಷನ್ನಿನಲ್ಲಿ ನಿಂತು ನೋಡಿದರೆ, ಕೊಡೆ ಹಿಡಿದವರು ಹೆಚ್ಚಾದ ದಿನವೇ ರಸ್ತೆಯಲ್ಲಿ ನೀರು ನಿಂತಿರುತ್ತದೆ. ಕೊಡೆ ಮಡಿಸಿದರೆ ನೀರು ಇಳಿದೀತೇ? ಬೊಜ್ಜು, ದೀರ್ಘ ಕಾಯಿಲೆ, ಮುಪ್ಪು ಇವು ಟೆಸ್ಟೋಸ್ಟಿರೋನನ್ನು ತಾವಾಗಿಯೇ ತಗ್ಗಿಸುತ್ತವೆ. ಒಡಲು ಒಳಗೊಳಗೆ ಬಳಲಿರುವುದಕ್ಕೆ ಕಡಮೆ ಹಾರ್ಮೋನು ಬರಿಯ ಗುರುತಾಗಿರಬಹುದು.

ಇಲಿಗಳ ಕಥೆ ಇನ್ನೂ ಸೋಜಿಗದ್ದು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರಕ್ತದ ಒತ್ತಡವನ್ನೇರಿಸುವ ಆಂಜಿಯೋಟೆನ್ಸಿನ್ ಎಂಬ ರಸವನ್ನು ಇಲಿಗಳ ಮೈಗೆ ಹರಿಯಬಿಟ್ಟು ಧಮನಿ ಉಬ್ಬುವಂತೆ ಮಾಡಿದರು. ಉಬ್ಬು ಹೆಣ್ಣಿಗಿಂತ ಗಂಡಿನಲ್ಲಿ ಹೆಚ್ಚಾಯಿತು. ವೃಷಣ ತೆಗೆದ ಗಂಡಿಲಿಗಳಲ್ಲಿ ಅದು ಹೆಣ್ಣಿನ ಮಟ್ಟಕ್ಕೆ ಇಳಿಯಿತು! ಎಂದರೆ, ಇಲಿಗೆ ಗಂಡು ಹಾರ್ಮೋನೇ ಕೇಡು ಮಾಡಿದಂತಾಯಿತು. ಪರ್ತಿನ ಮುದುಕರಲ್ಲಿ ಅದರ ಕೊರತೆ ಕೇಡಿನ ಜೊತೆಗೆ ಕಂಡಿತು. ವಿದ್ವಾಂಸರು ಜಗಳವಾಡಲಿ, ಅದು ಅವರ ಕೆಲಸ. ಇಷ್ಟು ಗೊಂದಲವಿರುವಾಗ, ಧಮನಿಯ ಉಬ್ಬು ಇಳಿಸಲು ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಕತ್ತಲಲ್ಲಿ ಕಲ್ಲು ಬೀರಿದಂತೆ. ಉಬ್ಬಿದ ಧಮನಿ ಅದರಿಂದ ಕುಗ್ಗಿತೆಂದು ಯಾವ ಪರೀಕ್ಷೆಯೂ ತೋರಿಸಿಕೊಟ್ಟಿಲ್ಲ.

ನಿಜವಾಗಿ ಹಾರ್ಮೋನಿನ ಕೊರತೆಯಿದ್ದು ಅದರ ತೊಂದರೆಗಳೂ ಇರುವವರಿಗೆ ವೈದ್ಯರು ಟೆಸ್ಟೋಸ್ಟಿರೋನ್ ಕೊಡುವುದುಂಟು, ಅದು ಬೇರೆ ವಿಷಯ. ಅದನ್ನು ನಿರ್ಧರಿಸಲು ಬೆಳಗಿನ ಹೊತ್ತಿನಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತಪರೀಕ್ಷೆ ಆಗಬೇಕು. ಮಧ್ಯಾಹ್ನದ ವೇಳೆಗೆ ಅದು ತಾನಾಗಿಯೇ ತಗ್ಗಿರುತ್ತದೆ. ಹೃದ್ರೋಗವಿದ್ದ ಅಥವಾ ಅದರ ಭಯವಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಹೊರಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ, ಇದರಿಂದ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಹೆಚ್ಚಲಿಲ್ಲ. ಹೃದಯದ ಬಡಿತ ತಾಳ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಮಾತ್ರ ಔಷಧ ಪಡೆದವರಲ್ಲಿ ಹೆಚ್ಚು ಕಂಡವು. ಬಸ್ ನಿಲ್ದಾಣದ ಗೋಡೆಗಳ ಮೇಲೆ “ಪುರುಷತ್ವಕ್ಕೆ ಶಕ್ತಿ” ಎಂದು ಅಂಟಿಸಿದ ಕಾಗದಗಳು ಇದೊಂದನ್ನೂ ಹೇಳುವುದಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವುದು ಏನು? ಎಲ್ಲಕ್ಕಿಂತ ಮೊದಲು ಬೀಡಿ, ಸಿಗರೇಟು. ಈ ಉಬ್ಬಿಗೆ ನಾವು ಬಿಡಬಹುದಾದ ಕಾರಣಗಳಲ್ಲಿ ಇಷ್ಟು ದೊಡ್ಡದು ಬೇರೊಂದಿಲ್ಲ. ಉಬ್ಬು ಬೇಗ ಬೆಳೆಯುವುದೂ ಸೇದುವವರಲ್ಲಿಯೇ. ದಕ್ಷಿಣ ಕನ್ನಡ, ಕಾಸರಗೋಡುಗಳ ಎಷ್ಟೋ ಮನೆಗಳು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವು. ಅಲ್ಲಿಂದ ಬಂದವರಿಗೆ ಈ ಮಾತು ಕಹಿಯೆಂದು ಬಲ್ಲೆವು. ಕಟ್ಟಿದ ತಾಯಂದಿರನ್ನು ನಾವು ದೂರುತ್ತಿಲ್ಲ, ಸೇದುವವರನ್ನು ಕೇಳಿಕೊಳ್ಳುತ್ತಿದ್ದೇವೆ. ಎರಡನೆಯದು ರಕ್ತದ ಒತ್ತಡ. ಗುಳಿಗೆ ಬರೆದುಕೊಟ್ಟಿದ್ದರೆ, ಊರಿಗೆ ಹೋದಾಗಲೂ ಅದನ್ನು ನಿಲ್ಲಿಸತಕ್ಕದ್ದಲ್ಲ. ಇನ್ನೊಂದು ಸಣ್ಣ ಸಂಗತಿ: ಭೇದಿಗೂ ಉರಿಮೂತ್ರಕ್ಕೂ ಚೀಟಿಯಿಲ್ಲದೆ ಕೊಂಡು ನುಂಗುವ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಗುಳಿಗೆಗಳನ್ನು ಧಮನಿ ಉಬ್ಬಿದವರಿಗೆ, ಬೇರೆ ಮದ್ದು ಇರುವಾಗ, ಕೊಡಬಾರದೆಂದು 2018ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು. ಉಬ್ಬು ಇರುವವರು ಈ ವಿಷಯವನ್ನು ಪ್ರತಿ ವೈದ್ಯರಿಗೂ ಮೊದಲೇ ಹೇಳಬೇಕು.

ಇಂಗ್ಲೆಂಡಿನಲ್ಲಿ 2009ರಿಂದ ಮೊದಲುಮಾಡಿ, 65 ತುಂಬಿದ ಗಂಡಸರನ್ನು ಸರ್ಕಾರವೇ ಕರೆದು ಒಂದು ಸಲ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತದೆ. ಅದಕ್ಕೆ ಮುಂಚೆ ಅಲ್ಲಿ 67,800 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಹೀಗೆ ಕರೆಸಿ ನೋಡಿದ್ದರಿಂದ ಈ ರೋಗದ ಸಾವುಗಳು ನೂರಕ್ಕೆ 42ರಷ್ಟು ಇಳಿದವೆಂದು 2002ರಲ್ಲಿ ಪ್ರಕಟವಾಗಿತ್ತು. ನಮ್ಮ ದೇಶದಲ್ಲಿ ಕರೆಯುವವರಿಲ್ಲ, ನಾವೇ ಕೇಳಬೇಕು. 65 ದಾಟಿದ್ದು, ಎಂದಾದರೂ ಸೇದಿದವರು, ಅಥವಾ ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದವರು ಕೇಳುವುದು ಲೇಸು. ಕಲ್ಲಿಗೆಂದು ಮಾಡುವ ಸ್ಕ್ಯಾನಿಂಗಿನಂಥದೇ ಇದು, ಚುಚ್ಚುವುದಿಲ್ಲ, ನೋಯುವುದಿಲ್ಲ. ಅಲ್ಲಿಯ ಪದ್ಧತಿಯಂತೆ 3ರಿಂದ 4.4 ಸೆಂಟಿಮೀಟರ್ ಇದ್ದರೆ ವರ್ಷಕ್ಕೊಮ್ಮೆ, 5.4ರವರೆಗೆ ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೆ. 5.5ಕ್ಕೆ ಬಂದಾಗ ಶಸ್ತ್ರವೈದ್ಯರ ಬಳಿ ಕಳುಹಿಸುತ್ತಾರೆ. ಹೊಟ್ಟೆ ತೆರೆದು ಕೃತಕ ನಾಳ ಹೊಲಿಯುವುದು ಒಂದು ದಾರಿ. ತೊಡೆಸಂದಿಯ ಧಮನಿಯಿಂದ ಬಟ್ಟೆ ಹೊದಿಸಿದ ಲೋಹದ ಬಲೆಯನ್ನು ಒಳಗೆ ತೂರಿಸುವುದು ಇನ್ನೊಂದು.

ಇಂಥ ಧಮನಿಗಳನ್ನು ನೋಡುವ ದೊಡ್ಡ ಆಸ್ಪತ್ರೆಗಾಗಿ ನಾವು ಬೆಂಗಳೂರಿನ ಬಸ್ಸು ಹಿಡಿಯಬೇಕಾಗಿಲ್ಲ. ಇಲ್ಲಿಂದ ಉಳ್ಳೂರು ದಾಟಿದರೆ ಮೆಡಿಕಲ್ ಕಾಲೇಜು. ಅದರ ಆವರಣದಲ್ಲಿಯೇ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಿದೆ. 1990ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಕೃತಕ ಹೃದಯ ಕವಾಟವನ್ನು ಮೊದಲು ರೋಗಿಗೆ ಹಾಕಿದ ಸ್ಥಳ ಅದು. ಹಳೆಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಬೇಕು. ಮಲಯಾಳ ಬಾರದವರು ಒಬ್ಬರನ್ನು ಕರೆದುಕೊಂಡು ಹೋಗಲಿ. ವಾಚನಾಲಯದಲ್ಲಿ ಕೇಳಿದರೆ ಯಾರಾದರೂ ಬರುತ್ತಾರೆ. ಉಬ್ಬು ಇದೆಯೆಂದು ಗೊತ್ತಿರುವವರಿಗೆ ಒಮ್ಮೆಗೇ ಹೊಟ್ಟೆ ಅಥವಾ ಬೆನ್ನು ತಡೆಯಲಾರದಷ್ಟು ನೊಂದು, ಬೆವತು, ತಲೆ ಸುತ್ತಿ ಬಂದರೆ, ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂರದೆ ಕೂಡಲೇ 108ಕ್ಕೆ ಫೋನು ಮಾಡಬೇಕು.

ನಮ್ಮ ಹಿರಿಯರು ವೈದ್ಯರನ್ನು ಕಂಡು ಬಂದರು. ಇಂಜೆಕ್ಷನ್ ಬೇಡವೆಂದರಂತೆ. ಒತ್ತಡದ ಗುಳಿಗೆಯನ್ನು ಬದಲಾಯಿಸಿ, ವರ್ಷದ ಮೇಲೆ ಮತ್ತೆ ಅಳೆಯೋಣವೆಂದು ಚೀಟಿ ಬರೆದುಕೊಟ್ಟಿದ್ದಾರೆ. ಬೀಡಿಯನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಎರಡಕ್ಕೆ ಇಳಿಸಿದ್ದೇನೆ ಎನ್ನುತ್ತಾರೆ. ಉಳಿದ ಎರಡರ ವಿಷಯವಾಗಿ ಅವರಿಗೂ ನಮಗೂ ಸಂಜೆ ಸಂಜೆ ಮಾತು ನಡೆದೇ ಇದೆ.